ಎರಡನೆಯ ಪರೀಕ್ಷೆ

ನೆಲ ಬಿಟ್ಟು ಎದ್ದ ಗೆರೆ ಮತ್ತೆ ಇಳಿಯುವ ಲಕ್ಷಣವೇ ಕಾಣಲಿಲ್ಲ. ಅದು ಯಂತ್ರದ ಪರದೆಯ ಮೇಲಂಚನ್ನು ದಾಟಿ ಮರೆಯಾದಾಗ ಅವಳು ಕುರ್ಚಿಯಿಂದ ಎದ್ದು ನಿಂತಳು.

"ಮೇಷ್ಟ್ರೇ, ಒಂಚೂರು ಬನ್ನಿ ಇಲ್ಲಿ."

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಭೌತಶಾಸ್ತ್ರ ಓದಿದವರು. ಕೊಲ್ಲಿಯ ನಡುವೆ ತೇಲಿಬಿಟ್ಟ ಹಳದಿ ಡಬ್ಬಗಳು ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಕಳಿಸುವ ಅಂಕಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಏನು ಕೇಳಿದರೂ ಸೃಷ್ಟಿಯ ಆದಿಯಿಂದ ಶುರುಮಾಡುತ್ತಾರೆಂದು ಪ್ರಯೋಗಾಲಯದವರು ಆ ಹೆಸರಿಟ್ಟಿದ್ದರು. ಇವತ್ತು ಮಾತ್ರ ಅವರು ಪರದೆ ನೋಡಿ ನೇರ ವಿಷಯಕ್ಕೇ ಬಂದರು.

"ಮಿತಿಗಿಂತ ಎಷ್ಟು ಜಾಸ್ತಿ?"

"ಮೂವತ್ತು ಪಟ್ಟು."

"ಯಂತ್ರ ಕೆಟ್ಟಿರ್ಬೇಕು."

"ನಾನೂ ಹಾಗೇ ಅಂದ್ಕೊಂಡೆ. ನಿಮ್ಮ ಡಬ್ಬಗಳು ಏನನ್ನುತ್ವೆ?"

"ವಾರದಿಂದ ನೀರು ಬೆಚ್ಚಗಿದೆ. ಬೆಳಕು ಕೆಳಗಿಳೀತಿಲ್ಲ. ಅಂದ್ರೆ ಪಾಚಿ ಎದ್ದಿದೆ. ಯಾವ ಪಾಚಿ ಅನ್ನೋದು ಮಾತ್ರ ಡಬ್ಬಕ್ಕೆ ಗೊತ್ತಾಗಲ್ಲ."

ಯಾವ ಪಾಚಿ ಎಂಬುದರಲ್ಲೇ ಎಲ್ಲ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೊಂದಿದೆ. ಅದನ್ನು ಸೋಸಿ ತಿನ್ನುವ, ಕೊಲ್ಲಿಯಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಚಿಪ್ಪುಮೀನಿಗೆ ಏನೂ ಆಗುವುದಿಲ್ಲ. ಚಿಪ್ಪನ್ನು ತಿಂದ ಮನುಷ್ಯನಿಗೆ ಆಗುತ್ತದೆ. ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಬೆರಳು, ಕಾಲು, ಕೊನೆಗೆ ಉಸಿರು. ಎಷ್ಟು ಕುದಿಸಿದರೂ ಆ ವಿಷ ಸಾಯುವುದಿಲ್ಲ. ರುಚಿಯಿಲ್ಲ, ವಾಸನೆಯಿಲ್ಲ. ಅದನ್ನು ಹಿಡಿಯುವುದಕ್ಕೆ ಈ ಯಂತ್ರ ಒಂದೇ ದಾರಿ. ಈ ಯಂತ್ರವನ್ನೋ, ಅವಳು ಒಂದು ವರ್ಷದಿಂದ ಪೂರ್ತಿ ನಂಬಿರಲಿಲ್ಲ.

ಹೋದ ವರ್ಷ ಇದೇ ಹೊತ್ತಿಗೆ, ಸರಿಯಾಗಿ ತೊಳೆಯದ ಒಂದು ಗಾಜಿನ ಕೊಳವೆಯಿಂದಾಗಿ, ಇಲ್ಲದ ವಿಷವನ್ನು ಯಂತ್ರ ಇದೆ ಅಂದಿತ್ತು. ಅವಳು ಒಂದೇ ಪರೀಕ್ಷೆಯನ್ನು ನಂಬಿ, ಚಿಪ್ಪು ಮಾರದಂತೆ ಕೊಲ್ಲಿ ಮುಚ್ಚಿಸಿದ್ದಳು. ತಪ್ಪು ಗೊತ್ತಾಗುವ ಹೊತ್ತಿಗೆ ಕೊಯ್ದ ಚಿಪ್ಪೆಲ್ಲ ದಡದ ಮೇಲೆ ನಾರುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಅವಳ ಸ್ವಂತ ಅಣ್ಣನದು. ಆವತ್ತಿನಿಂದ ಅಣ್ಣ ಅವಳ ಜೊತೆ ಮಾತು ಬಿಟ್ಟಿದ್ದ. ಹೇಳಬೇಕಾದದ್ದೆಲ್ಲ ಅತ್ತಿಗೆಯ ಮೂಲಕ ಬರುತ್ತಿತ್ತು, ಅತ್ತಿಗೆಯ ಮೂಲಕ ಹೋಗುತ್ತಿತ್ತು. "ಒಂದೇ ಹೊಟ್ಟೇಲಿ ಹುಟ್ಟಿದ ಎರಡು ಕತ್ತೆಗಳ ಮಧ್ಯೆ ನಾನು ಟಪಾಲು" ಎಂದು ಅತ್ತಿಗೆ ಗೊಣಗುತ್ತಿದ್ದಳು. ಪ್ರಯೋಗಾಲಯದಲ್ಲೂ ನಿಯಮ ಬದಲಾಗಿತ್ತು: ಇನ್ನು ಮುಂದೆ ಎರಡನೆಯ ಪರೀಕ್ಷೆಯಾಗದೆ ಯಾರೂ ಬಾಯಿ ಬಿಡುವಂತಿಲ್ಲ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಆರಿಸಿ ಕುಡಿಯುವ ಹಾಗೆ.

ಇವತ್ತಿನ ಮಾದರಿಯೂ ಅಣ್ಣನ ಹಗ್ಗಗಳದ್ದೇ. ಅಣ್ಣನ ಕೊಯ್ಲೂ ಇವತ್ತೇ.

"ಎರಡನೇದು ನೀವೇ ಮಾಡಿ ಮೇಷ್ಟ್ರೇ. ಹೊಸ ಕೊಳವೆ, ಹೊಸ ದ್ರಾವಣ, ಎಲ್ಲಾ ಮೊದಲಿಂದ. ನನ್ನ ಕೈ ತಾಗೋದು ಬೇಡ."

"ನೀವು?"

"ಚಿಪ್ಪಿನ ಲಾರಿ ಹೊರಡೋ ಮುಂಚೆ ಧಕ್ಕೆಗೆ ಹೋಗ್ತೀನಿ."

"ನಿಯಮ..." ಎಂದು ಶುರುಮಾಡಿದ ಮೇಷ್ಟ್ರು ಅವಳ ಮುಖ ನೋಡಿ ಕೈಗೆ ಗವಸು ಹಾಕಿಕೊಳ್ಳತೊಡಗಿದರು.

ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಲಾರಿ ಅರ್ಧ ತುಂಬಿತ್ತು. ಒದ್ದೆ ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೇರುತ್ತಿದ್ದವು. ಒಬ್ಬ ಅವುಗಳ ಮೇಲೆ ಮಂಜುಗಡ್ಡೆಯ ಚೂರು ಸುರಿಯುತ್ತಿದ್ದ. ಪಕ್ಕದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಕೆಲಸದವರ ಊಟಕ್ಕೆಂದು ಒಂದು ಪಾತ್ರೆ ಚಿಪ್ಪು ಕುದಿಯುತ್ತಿತ್ತು. ಅವಳ ಸ್ಕೂಟರ್ ನಿಂತದ್ದನ್ನು ನೋಡಿ ಅತ್ತಿಗೆಯ ಮುಖ ಇಳಿಯಿತು.

"ಏನು ಡಾಕ್ಟ್ರಮ್ಮ, ಈ ಹೊತ್ತಲ್ಲಿ?"

ಅವಳು ನೇರ ಅಣ್ಣನ ಬಳಿಗೇ ಹೋದಳು. ಅವನು ದೋಣಿಯಲ್ಲಿ ಬಗ್ಗಿ ಹಗ್ಗ ಸುತ್ತುತ್ತಿದ್ದ.

"ಅಣ್ಣಾ, ಲಾರಿ ನಿಲ್ಲಿಸು. ಇದನ್ನ ಯಾರೂ ತಿನ್ನೋ ಹಾಗಿಲ್ಲ."

ಅಣ್ಣ ತಲೆಯೆತ್ತಲಿಲ್ಲ. ಹೆಂಡತಿಯ ಕಡೆಗೆ ತಿರುಗಿ, "ಕೇಳು ಅವಳನ್ನ, ಹೋದ ಸಲಾನೂ ಇದೇ ಮಾತಲ್ವಾ ಅಂತ" ಎಂದ.

"ಹೋದ ಸಲ ನನ್ನ ತಪ್ಪು. ಈ ಸಲ ಅಂಕಿ ಮೂವತ್ತು ಪಟ್ಟು ಇದೆ."

"ಖಚಿತಾನಾ?"

ವರ್ಷದ ಮೇಲೆ ಅವನು ಅವಳಿಗೇ ಆಡಿದ ಮೊದಲ ಮಾತು ಅದು. ಕೈಯಲ್ಲಿದ್ದ ಹಗ್ಗ ಬಿಟ್ಟು ನೆಟ್ಟಗೆ ನಿಂತು, ಅವಳ ಕಣ್ಣನ್ನೇ ನೋಡುತ್ತ ಕೇಳಿದ್ದ. ಹೌದು ಅಂದುಬಿಟ್ಟಿದ್ದರೆ ಆಗುತ್ತಿತ್ತು. ಆಮೇಲೆ ಅವಳು ಎಷ್ಟು ಸಲ ಅದನ್ನು ಯೋಚಿಸಿದಳೋ. ಆದರೆ ಹದಿನೆಂಟು ವರ್ಷ ಅವಳು ಕಲಿತಿದ್ದು, ಕಲಿಸಿದ್ದು ಒಂದೇ: ಗೊತ್ತಿರುವಷ್ಟನ್ನೇ ಹೇಳಬೇಕು.

"ಖಚಿತ ಅಂತ ಈಗ್ಲೇ ಹೇಳಕ್ಕಾಗಲ್ಲ. ಇನ್ನೊಂದು ಸಲ ನೋಡ್ತಿದ್ದಾರೆ. ಮಧ್ಯಾಹ್ನದೊಳಗೆ ಗೊತ್ತಾಗುತ್ತೆ."

ಅಣ್ಣ ನಕ್ಕ. ಸುತ್ತ ನಿಂತವರಿಗೆಲ್ಲ ಕಾಣುವ ಹಾಗೆ ನಕ್ಕ. "ಕೇಳಿದ್ರೇನ್ರೋ? ಗೊತ್ತಿಲ್ವಂತೆ. ಗೊತ್ತಿಲ್ದೇ ಇರೋದನ್ನ ಹೇಳೋಕೆ ಅಲ್ಲಿಂದ ಬಂದಿದ್ದಾಳೆ."

ದೋಣಿಯಿಂದ ಹಾರಿ ಬಂದವನೇ ಒಲೆಯ ಬಳಿ ಕೂತ. ಬಟ್ಟಲಿಗೆ ಚಿಪ್ಪು ತೋಡಿಕೊಂಡ. ಏನು ಮಾಡಲು ಹೊರಟಿದ್ದಾನೆಂದು ಅವಳಿಗೆ ಹೊಳೆಯುವಷ್ಟರಲ್ಲಿ ಮೂರೋ ನಾಲ್ಕೋ ಬಾಯಿಗೆ ಹೋಗಿದ್ದವು. ಅವಳು ಓಡಿಬಂದು ಬಟ್ಟಲು ಕಿತ್ತೆಸೆದಳು. ಅವನು ಪಾತ್ರೆಗೇ ಕೈಹಾಕಿ, ಬಿಸಿಗೆ ಬೆರಳು ಕೊಡವುತ್ತ, ಇನ್ನಷ್ಟು ತೆಗೆದು, ಬಿಡಿಸಿ, ಅವಳ ಎದುರೇ ಅಗಿದು ನುಂಗಿದ. ಹಿಡಿಯ ಹೋದ ಅವಳ ಕೈಯನ್ನು ಮೊಣಕೈಯಿಂದ ತಳ್ಳಿದ. ಯಜಮಾನನ ಮಾತು ಉಳಿಸಲೆಂದು ಇನ್ನಿಬ್ಬರು ಕೆಲಸದವರೂ ಒಲೆಯತ್ತ ಹೆಜ್ಜೆಯಿಟ್ಟರು.

ಅತ್ತಿಗೆ ಬಂದು ಕಾಲಿನಿಂದ ಪಾತ್ರೆಯನ್ನು ಒದ್ದಳು. ಬೆಂಕಿ ಸುಂಯ್ ಅಂದು ಆರಿತು. ಚಿಪ್ಪುಗಳು ಧಕ್ಕೆಯ ಹಲಗೆಗಳ ಮೇಲೆ ಉರುಳಿ ಸಂದಿಗಳಲ್ಲಿ ನೀರಿಗೆ ಬಿದ್ದವು.

"ಹಠಕ್ಕೆ ಇವರೊಬ್ರು ಸಾಕು" ಅಂದಳು. "ನಿಮಗೆಲ್ಲ ಮನೇಲಿ ಹೆಂಡ್ತಿ ಮಕ್ಕಳಿದ್ದಾರೆ." ತನ್ನನ್ನು ಲೆಕ್ಕಕ್ಕೆ ಹಿಡಿಯದೆ ಆಡಿದ ಆ ಮಾತು ಅಣ್ಣನಿಗೆ ಚುಚ್ಚಿರಬೇಕು. ಅವನು ಬಾಯಿ ಒರೆಸಿಕೊಂಡು ತಂಗಿಯ ಕಡೆ ತಿರುಗಿದ.

"ಸರಿ. ಮಧ್ಯಾಹ್ನದ ತನಕ ಲಾರಿ ನಿಲ್ಲುತ್ತೆ. ನಾನೂ ನಿಂತಿರ್ತೀನಿ. ಯಾರು ಬೀಳ್ತಾರೆ ನೋಡೋಣ."

ವಾಂತಿ ಮಾಡಿಕೋ ಎಂದು ಅವಳು ಗೋಗರೆದಳು. ಉಪ್ಪುನೀರು ತಂದಳು. ಅವನು ಅದನ್ನು ಚೆಲ್ಲಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ಯಾರು ಏನು ಹೇಳಲಾದೀತು? ಕೊನೆಗೆ ಅವಳು ಅವನ ಪಕ್ಕದಲ್ಲೇ, ಮಗುಚಿಟ್ಟ ಬುಟ್ಟಿಯ ಮೇಲೆ ಕೂತಳು. ಬಿಸಿಲು ಏರುತ್ತಿತ್ತು. ಕೆಲಸದವರು ದೂರದಲ್ಲಿ ಗುಂಪಾಗಿ, ನೋಡಿಯೂ ನೋಡದವರ ಹಾಗೆ, ಬೀಡಿ ಸೇದುತ್ತಿದ್ದರು.

"ತುಟಿ ಜುಮ್ಮಂತಿದೆಯಾ?"

"ನಿನ್ನ ಮಾತು ಕೇಳಿ ತಲೆ ಜುಮ್ಮಂತಿದೆ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಅವನು ಮತ್ತೆ ಏನೋ ಕುಚೋದ್ಯದ ಮಾತಾಡಿದ. ಹಾಗೇ, ಒಂದು ವರ್ಷ ಮಾತಿಲ್ಲದಿದ್ದವರ ನಡುವೆ ಸಣ್ಣಪುಟ್ಟ ಮಾತು ಬಂತು. ಮಗಳ ಹಲ್ಲುನೋವು ಹೇಗಿದೆ ಎಂದು ಇವಳು ಕೇಳಿದಳು. ಕಿತ್ತಿಸಿದ್ವಿ, ಆಸ್ಪತ್ರೆ ಎದ್ದುಹೋಗೋ ಹಾಗೆ ಅತ್ತಳು, ಥೇಟ್ ನಿನ್ನ ಹಾಗೇ ಎಂದು ಅವನು ಹೇಳಿದ. ಮಾತಾಡುತ್ತಲೇ ಅವನು ಹಳೆಯ ಹಗ್ಗದ ತುಂಡುಗಳನ್ನು ಒಂದಕ್ಕೊಂದು ಗಂಟು ಹಾಕುತ್ತಿದ್ದ. ಅವಳು ಒಳಗೊಳಗೇ, ತಾನು ತಪ್ಪಿರಲಿ, ಈ ಸಲವೂ ತಪ್ಪಿರಲಿ, ಊರೆಲ್ಲ ನಗಲಿ ಎಂದು ಹಂಬಲಿಸುತ್ತಿದ್ದಳು.

ಫೋನು ಬಂತು. ಮೇಷ್ಟ್ರು ಪೀಠಿಕೆ ಹಾಕಲಿಲ್ಲ.

"ಮೂವತ್ತಲ್ಲ. ಮೂವತ್ತೆರಡು. ನಿಮ್ಮ ಯಂತ್ರ ಸರಿಯಾಗಿದೆ. ಕೊಲ್ಲಿ ಮುಚ್ಚೋದಕ್ಕೆ ದೊಡ್ಡವರು ಸಹಿ ಹಾಕಿದ್ರು."

ಅವಳ ಎದೆಯಿಂದ ಏನೋ ಭಾರ ಇಳಿಯಿತು. ನಾನು ಹೇಳಿದ್ದು ಸರಿ. ಒಂದೇ ಒಂದು ಗಳಿಗೆ, ರೆಪ್ಪೆ ಬಡಿಯುವಷ್ಟು ಹೊತ್ತು, ಅವಳಿಗೆ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ. ಫೋನು ಇಳಿಸಿ ನೋಡಿದಾಗ ಅಣ್ಣ ಕೈಯಲ್ಲಿದ್ದ ಹಗ್ಗವನ್ನು ದಿಟ್ಟಿಸುತ್ತಿದ್ದ. ನಿದ್ದೆಗಣ್ಣಲ್ಲೂ ಹಾಕಬಲ್ಲ ಗಂಟು, ಮೂರನೆಯ ಸಲವೂ ಜಾರಿಹೋಗಿತ್ತು.

"ಬೆರಳು ಯಾರದೋ ಅನ್ನಿಸ್ತಿದೆ" ಎಂದ. ದನಿಯಲ್ಲಿ ಕುಚೋದ್ಯವಿರಲಿಲ್ಲ.

ಹತ್ತಿರ ಇದ್ದ ಗಾಡಿಯೆಂದರೆ ಆ ಲಾರಿಯೇ. ಬುಟ್ಟಿ ಇಳಿಸುತ್ತ ಕೂರಲು ಸಮಯವಿರಲಿಲ್ಲ. ಚಾಲಕ ಮತ್ತಿಬ್ಬರು ಸೇರಿ ಅಣ್ಣನನ್ನು ಎತ್ತಿ ಮುಂದೆ ಕೂರಿಸಿದರು. ಅವನ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಅತ್ತಿಗೆ. ಹಿಂದೆ ವಿಷದ ಚಿಪ್ಪಿನ ಬುಟ್ಟಿಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುತ್ತಿದ್ದವು. ಅವನ ತಲೆ ಅವಳ ಹೆಗಲಿಗೆ ವಾಲಿತು. ಮಾತಾಡಿಸುತ್ತಲೇ ಇರಬೇಕೆಂದು ಅವಳು ಏನೇನೋ ಕೇಳಿದಳು. ಅವನ ಉತ್ತರಗಳು ಮೊದಲು ತೊದಲಾದವು, ಆಮೇಲೆ ಬರೀ ದನಿಯಾದವು.

"ಉಸಿರು ಸಣ್ಣಗಾಗ್ತಿದೆ ಕಣೇ" ಎಂದಳು ಅತ್ತಿಗೆ. ಅತ್ತಿಗೆ ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಒಬ್ಬಳು ಎಳೆಯ ವೈದ್ಯೆ. ಇಂಥದ್ದನ್ನು ಅವಳು ಪುಸ್ತಕದಲ್ಲಷ್ಟೇ ಓದಿದ್ದಳು, ಹಾಗೆಂದು ಮುಚ್ಚಿಡದೆ ಹೇಳಿ ತಂಗಿಯನ್ನೇ ಕೇಳಿದಳು.

"ಇದಕ್ಕೆ ಮದ್ದೇನು ಮೇಡಂ?"

"ಮದ್ದಿಲ್ಲ. ವಿಷ ತಾನಾಗೇ ಮೂತ್ರದಲ್ಲಿ ಹೋಗುತ್ತೆ. ಅಲ್ಲೀವರೆಗೆ ಅವನ ಪರವಾಗಿ ನಾವು ಉಸಿರಾಡ್ಬೇಕು, ಅಷ್ಟೇ."

ವೈದ್ಯೆ ತಲೆಯಾಡಿಸಿ ಒಳಗೆ ಓಡಿದಳು. ಅಣ್ಣನ ಗಂಟಲಿಗೆ ನಳಿಗೆ ಇಳಿಯಿತು. ಯಂತ್ರವೊಂದು ಅವನ ಎದೆಯನ್ನು ಏರಿಸಿ ಇಳಿಸತೊಡಗಿತು. ಅಷ್ಟು ಹೊತ್ತಿಗಾಗಲೇ ಅವನ ಮೈಯಲ್ಲಿ ಒಂದೇ ಒಂದು ಸ್ನಾಯು ಅಲುಗುತ್ತಿರಲಿಲ್ಲ. ಅಂಗಳದಲ್ಲಿ ಲಾರಿಯಿಂದ ಮಂಜುಗಡ್ಡೆಯ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ಮುಟ್ಟಬಾರದೆಂದು ಚಾಲಕ ಒಂದು ಕೋಲು ಹಿಡಿದು ಅದರ ಪಕ್ಕದಲ್ಲೇ ಕೂತಿದ್ದ. ಸಂಜೆ ಪ್ರಯೋಗಾಲಯದ ಗಾಡಿ ಬಂದು ಬುಟ್ಟಿಗಳನ್ನು ಒಯ್ದಿತು.

ಸುದ್ದಿ ಕೇಳಿ ಬಂದ ನೆಂಟರು ಹಾಸಿಗೆಯ ಸುತ್ತ ನಿಂತು ಕಣ್ಣೊರೆಸಿಕೊಂಡರು. "ಜೀವ ಹೋದ ಹಾಗೇ ಇದೆಯಲ್ಲೋ, ಇನ್ನೇನುಳಿದಿದೆ" ಎಂದು ದೊಡ್ಡಪ್ಪ ನಿಟ್ಟುಸಿರು ಬಿಟ್ಟರು. ಅವಳು ಅವರ ತೋಳು ಹಿಡಿದು ಆಚೆ ಕರೆದೊಯ್ದಳು.

"ದೊಡ್ಡಪ್ಪ, ಅವನಿಗೆ ಎಲ್ಲಾ ಕೇಳ್ತಿದೆ. ಮೈ ಮಲಗಿದೆ, ಅವನು ಮಲಗಿಲ್ಲ. ಒಳಗೆ ಎಚ್ಚರವಾಗೇ ಇದ್ದಾನೆ. ಅವನ ಮುಂದೆ ಸಾವಿನ ಮಾತು ಬೇಡ."

ದೊಡ್ಡಪ್ಪ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಅವರು ಒಳಗೆ ಹೋಗಿ, ಹಾಸಿಗೆಯ ಬಳಿ ನಿಂತು, "ಮಳೆ ಬರೋ ಹಾಗಿದೆ ಕಣಪ್ಪ" ಎಂದು ಹೇಳಿ ಬಂದರು.

ಎಲ್ಲರೂ ಹೋದ ಮೇಲೆ ಅವಳು ಕಿವಿಯ ಬಳಿ ಬಗ್ಗಿದಳು. ಕತ್ತಲಲ್ಲಿ, ಕೈಕಾಲು ಆಡದೆ, ಮಾತು ಬಾರದೆ, ತಾನು ಸತ್ತೆನೋ ಬದುಕಿದೆನೋ ತಿಳಿಯದೆ ಮಲಗಿರುವವನಿಗೆ ಏನು ಹೇಳುವುದು? ಗೊತ್ತಿರುವಷ್ಟರಿಂದ ಶುರುಮಾಡಿದಳು. "ಅಣ್ಣಾ, ನರದೊಳಗೆ ಸುದ್ದಿ ದಾಟಿಸೋ ಸಣ್ಣ ಬಾಗಿಲುಗಳಿರುತ್ವೆ. ಅವಕ್ಕೆ ವಿಷ ಅಡ್ಡ ಬಂದು ನಿಂತಿದೆ, ಅಷ್ಟೇ. ಏನೂ ಮುರಿದಿಲ್ಲ. ಒಂದೊಂದಾಗಿ ಬಿಟ್ಕೊಳ್ಳುತ್ತೆ. ನಾಳೆ ಹೊತ್ತಿಗೆ ಬಿಟ್ಕೊಳ್ಳುತ್ತೆ. ಇದು ಖಚಿತ." ಖಚಿತವೆಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟು ತಿಂದವರಲ್ಲಿ ಉಳಿದವರೂ ಇದ್ದರು, ಹೋದವರೂ ಇದ್ದರು.

ಮಾರನೆಯ ದಿನ ಬೆಳಕು ಚೆನ್ನಾಗಿ ಹರಿದ ಮೇಲೆ ಅತ್ತಿಗೆ ಮಗಳನ್ನು ಶಾಲೆಗೆ ಕಳಿಸಿ ಬಂದಳು. ತಂದ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವಳ ಕೈಗಿಟ್ಟು, ಗಂಡನ ಪಾದದ ಬಳಿ ಕೂತಳು. ಬೈಯಲೂ ಇಲ್ಲ, ಅಳಲೂ ಇಲ್ಲ.

"ನಿನ್ನೆ ಅವರು ಕೇಳ್ದಾಗ ಹೌದು ಅಂದಿದ್ರೆ ತಿಂತಿರ್ಲಿಲ್ಲ" ಎಂದಳು.

"ಗೊತ್ತು."

"ಅಂದಿದ್ರೆ ಸುಳ್ಳಾಗ್ತಿತ್ತಾ?"

"ಆ ಹೊತ್ತಿಗೆ ಸುಳ್ಳೇ."

ಅತ್ತಿಗೆ ಕಾಫಿ ಗುಟುಕರಿಸಿದಳು. ಕೈಚಾಚಿ ಗಂಡನ ಹೊದಿಕೆ ಸರಿಮಾಡಿದಳು.

ನರ್ಸು ಕಣ್ಣಿಗೆ ಬಿಡುವ ಹನಿಯ ಶೀಶೆಯನ್ನು ತಂದಿಟ್ಟು ಹೋದಳು. ರೆಪ್ಪೆ ಮಿಟುಕಲಾರದ ಕಣ್ಣು ಒಣಗದಿರಲೆಂದು ಆಗಾಗ ಹನಿ ಬಿಟ್ಟು, ಕೈಯಿಂದಲೇ ರೆಪ್ಪೆ ಎಳೆದು, ಮೇಲೆ ಒದ್ದೆ ಹತ್ತಿ ಇಡಬೇಕಿತ್ತು. ಅವಳು ಹತ್ತಿ ತೆಗೆದಳು. ಬೆರಳಿಂದ ರೆಪ್ಪೆ ಬಿಡಿಸಿದಳು. ಕಿಟಕಿಯ ಬೆಳಕು ಕಪ್ಪು ಪಾಪೆಯೊಳಗೆ ಒಂದು ಚುಕ್ಕೆಯಾಗಿ ಕೂತಿತು. ಒಂದು ಹನಿ ಬಿಟ್ಟು, ಎಂದಿನಂತೆ ರೆಪ್ಪೆ ಮುಚ್ಚಲು ಹೆಬ್ಬೆರಳು ಮುಂದೆ ತಂದಳು.

ಬೆರಳು ತಾಗುವ ಮುನ್ನವೇ ರೆಪ್ಪೆ ಇಳಿಯಿತು. ಪೂರ್ತಿಯಲ್ಲ, ಅರ್ಧಕ್ಕೆ, ಅಲ್ಲೇ ನಡುಗಿ ನಿಂತಿತು. ಹೆಚ್ಚಾದ ನೀರು ಕಣ್ಣಂಚಿನಿಂದ ಕಿವಿಯ ಕಡೆಗೆ ಹರಿಯಿತು. ಇನ್ನೊಂದು ಸಲ ನೋಡದೆ ಅವಳು ಅತ್ತಿಗೆಯನ್ನು ಕರೆಯಲಿಲ್ಲ. ಶೀಶೆಯನ್ನು ಇನ್ನೊಂದು ಕಣ್ಣಿನ ಮೇಲೆ ಹಿಡಿದು, ತುದಿಯಲ್ಲಿ ಹನಿ ತುಂಬಿಕೊಳ್ಳುವುದನ್ನೇ ನೋಡುತ್ತ ನಿಂತಳು.