ಗುಂಡಿಗಳ ಡಬ್ಬಿ

ಫೋನು ಬಂದಾಗ ಹೊಲಿಗೆ ಅಂಗಡಿಯಲ್ಲಿ ಅತ್ತಿಗೆ ಯಾರದೋ ಪ್ಯಾಂಟಿನ ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದರು. ಮೈದುನ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಫೋನಿಗೆ ಓಗೊಟ್ಟ. ಒಂದೆರಡು ಸಲ "ಹೂಂ" ಅಂದ. ಫೋನು ಕೆಳಗಿಟ್ಟು, ಅವರ ಕಡೆ ತಿರುಗದೆಯೇ, "ಅತ್ತಿಗೆ, ಮೊದಲು ಸೂಜಿ ಕೆಳಗಿಡಿ" ಎಂದ.

ಅವರು ಇಟ್ಟರು.

"ಅಣ್ಣ ಹೋಗ್ಬಿಟ್ಟ."

ಬಟ್ಟೆ ತರಲೆಂದು ಬೆಳಿಗ್ಗೆ ಪಕ್ಕದ ಊರಿಗೆ ಹೋದ ಮನುಷ್ಯ, ಸಗಟು ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿದ್ದರು. ನೀಲಿ ಬಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡಿ "ಚೆನ್ನಾಗಿದೆ" ಎಂದರಂತೆ. ಅದೇ ಕೊನೆಯ ಮಾತು. ದೇವರು ಅವರನ್ನು ನೋಯಿಸದೆ ಕರೆದುಕೊಂಡ. ಉಳಿದವರ ನೋವಿನ ಲೆಕ್ಕ ಅವನಿಗೇ ಗೊತ್ತು.

ಅತ್ತಿಗೆ ಗೋಡೆಗೊರಗಿ ಕುಸಿದರು. ಮೈದುನ ಇಸ್ತ್ರಿಯ ಸ್ವಿಚ್ಚು ಆರಿಸಿದ, ಕಿಟಕಿ ಮುಚ್ಚಿದ, ಮೇಜಿನ ಮೇಲಿದ್ದ ಅಂಗಿಯನ್ನು ತೋಳು ಸರಿಪಡಿಸಿ ಅಚ್ಚುಕಟ್ಟಾಗಿ ಮಡಚಿಟ್ಟ. ಅಳಲಿಲ್ಲ. ಕೊನೆಯ ಸಲ ಅಣ್ಣನ ಮುಖ ನೋಡುವಾಗಲೂ ಅಳಲಿಲ್ಲ. ಆ ಮಡಚಿದ ಅಂಗಿ ಅತ್ತಿಗೆಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಅಣ್ಣ ಸತ್ತ ಸುದ್ದಿ ಕೇಳಿ ಅಂಗಿ ಮಡಚುವವನು ಎಂಥವನು?

ಅವರನ್ನು ಬೀದಿಯೆಲ್ಲ ಅತ್ತಿಗೆ ಎಂದೇ ಕರೆಯುತ್ತಿತ್ತು. ಮೈದುನ ಒಳಗಿಂದ "ಅತ್ತಿಗೇ, ದಾರ" ಎಂದು ಕೂಗುವುದನ್ನು ಕೇಳಿ ಕೇಳಿ, ಅವರಿಗಿಂತ ಹಿರಿಯನಾದ ಅಂಚೆಯವನೂ ಹಾಗೇ ಕರೆಯುತ್ತಿದ್ದ. ಅವರ ಗಂಡ ಎಲ್ಲರಿಗೂ ಮಾಸ್ಟರು. ಬಟ್ಟೆ ಕತ್ತರಿಸುವುದು ಅವರ ಕೆಲಸ, ಮೆಷಿನ್ನು ತುಳಿಯುವುದು ಮತ್ತು ಇಸ್ತ್ರಿ ಮೈದುನನದು, ಗುಂಡಿ ಕಾಜ ಕೈಹೊಲಿಗೆ ಅತ್ತಿಗೆಯದು. ಮೈದುನ ಮಾತಾಡುವುದು ಕಡಿಮೆ, ಆದ್ದರಿಂದ ಮಾಸ್ಟರು ಅವನಿಗೆ ಗುಮ್ಮ ಎಂದು ಹೆಸರಿಟ್ಟಿದ್ದರು.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಮಾಸ್ಟರು ಸಂಜೆ ಬಟ್ಟೆಗಳನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡುವರು. ಹೊಲಿಗೆ ಎಲ್ಲಾದರೂ ಬಿಗಿದುಕೊಂಡಿದ್ದರೆ, "ಇಲ್ಲಿ ಯಾರೋ ಮುನಿಸ್ಕೊಂಡಿದ್ದಾರೆ" ಎನ್ನುವರು. ಯಾರೆಂದು ಕೇಳುತ್ತಿರಲಿಲ್ಲ. ಮಾರನೆಯ ದಿನ ಮುಖ ನೋಡಿ, ಗುಂಡಿ ತುಂಬಿದ ಹಳೆಯ ತಗಡಿನ ಡಬ್ಬಿಯನ್ನು ಮುನಿಸಿಕೊಂಡವರ ಮುಂದೆ ತಳ್ಳುವರು. "ಸ್ವಲ್ಪ ಬಣ್ಣ ನೋಡಿ ಬೇರೆ ಮಾಡಿ. ಆಮೇಲೆ ಹೊಲಿಯೋಣ." ಕಪ್ಪು ಕಪ್ಪಿಗೆ, ಕಂದು ಕಂದಿಗೆ ಸೇರಿಸುತ್ತಾ ಕೂತರೆ ಕೈ ನಿಧಾನವಾಗುತ್ತಿತ್ತು, ಕೈಯ ಹಿಂದೆ ಮನಸ್ಸೂ ಬರುತ್ತಿತ್ತು. ಜಗಳವಾಡುತ್ತಾ ಬಂದ ಗಿರಾಕಿಗಳಿಗೂ ಅದೇ ಮದ್ದು. ಗುಮ್ಮ ಮಾತ್ರ ಜಗ್ಗುತ್ತಿರಲಿಲ್ಲ. "ನಾನೇನು ಮಗುವಾ?" ಎಂದು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಇಷ್ಟು ವರ್ಷ ಬೇರೆ ಮಾಡಿದರೂ ಆ ಡಬ್ಬಿಯ ಗುಂಡಿಗಳು ಯಾಕೆ ಬೇರೆಯಾಗುತ್ತಿರಲಿಲ್ಲ ಎಂಬುದು ಅತ್ತಿಗೆಗೆ ಮಾತ್ರ ಗೊತ್ತಿತ್ತು. ಒಂದು ಸಂಜೆ ಮರೆತ ಕನ್ನಡಕ ತರಲು ಅವರು ಹಿಂದಿರುಗಿದಾಗ, ಮಾಸ್ಟರು ಡಬ್ಬಿಯೊಳಗೆ ಮಣಿಕಟ್ಟಿನವರೆಗೆ ಕೈಹಾಕಿ ಹಿಟ್ಟು ಕಲಸಿದಂತೆ ಗುಂಡಿಗಳನ್ನು ಕಲಸುತ್ತಿದ್ದರು. ಸಿಕ್ಕಿಬಿದ್ದ ಮಗುವಿನಂತೆ ನಕ್ಕು, "ಸುಮ್ನಿರೇ. ನಾಳೆ ಯಾರಿಗೆ ಬೇಕಾಗುತ್ತೋ" ಎಂದಿದ್ದರು.

ಈಗ ಅಂಗಡಿಯ ಬಾಗಿಲು ತೆರೆಯುತ್ತಿತ್ತು, ಕೆಲಸ ನಡೆಯುತ್ತಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಮೂಲೆಮನೆಯ ನರ್ಸಮ್ಮನ ನೀಲಿ ಕೋಟು ಬಿಡಿಬಿಡಿಯಾಗಿ ಹರಡಿತ್ತು. ಮಾಸ್ಟರು ಕತ್ತರಿಸಿದ ಕೊನೆಯ ಬಟ್ಟೆ. ಅದರ ಮೇಲೆ ಅವರ ಕೈಯ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಹೊಲಿದರೆ ಗೆರೆ ಅಳಿಸಿಹೋಗುತ್ತದೆ. ಅತ್ತಿಗೆ ದಿನವೂ ಸೂಜಿಗೆ ದಾರ ಪೋಣಿಸುವರು, ಆ ಗೆರೆಗಳನ್ನು ನೋಡುವರು, ದಾರ ಕೀಳುವರು.

ಆ ದಿನ ನರ್ಸಮ್ಮನೇ ಬಂದಳು.

"ಅತ್ತಿಗೆ, ನನ್ನ ಕೋಟಿಗೆ ಕೈ ಬಂತಾ? ಇಲ್ಲ ಬರೀ ಹೊಟ್ಟೆ ಹೊತ್ಕೊಂಡು ಮಲಗಿದೆಯಾ?"

"ಆಗುತ್ತಮ್ಮ, ಮಾಡ್ತೀವಿ."

"ಚಳಿಗೆ ಹೇಳಿದ್ದೀನಿ, ಸ್ವಲ್ಪ ತಡೀಯಪ್ಪಾ ಅಂತ. ಅದು ಕೇಳ್ತಿಲ್ಲ." ಅವಳು ಗೆರೆಗಳ ಮೇಲೆ ಬೆರಳಿಡಹೋಗಿ ಹಿಂದಕ್ಕೆ ತೆಗೆದಳು. "ಅಳತೆ ಕೊಡೋಕೆ ಬಂದ ದಿನ ನನ್ನ ವಾರ್ಡಲ್ಲಿ ಒಬ್ಬರು ತೀರ್ಕೊಂಡಿದ್ರು. ನಾನು ಹೇಳಿರ್ಲಿಲ್ಲ. ಮಾಸ್ಟರು ಟೇಪು ಹಿಡಿದೋರು ಕೆಳಗಿಟ್ರು. 'ಭುಜ ಇಳಿದಿದೆ ತಾಯಿ. ಈಗ ಅಳತೆ ತಗೊಂಡ್ರೆ ಕೋಟಿಗೂ ಅಳುಮೋರೆ ಬರುತ್ತೆ' ಅಂದು ಆ ಡಬ್ಬಿ ಕೊಟ್ಟು ಕೂರಿಸಿದ್ರು. ಅರ್ಧ ಡಬ್ಬಿ ಮುಗಿಸಿದ ಮೇಲೇ ಅಳತೆ." ಅವಳು ಕಣ್ಣೊರೆಸಿಕೊಂಡು, "ನಿಧಾನಕ್ಕೇ ಹೊಲೀರಿ" ಎಂದು ಹೋದಳು.

ಅವಳು ಮರೆಯಾಗುತ್ತಲೇ ಗುಮ್ಮ ಗಂಟಲು ಸರಿಮಾಡಿಕೊಂಡ. "ಅತ್ತಿಗೆ, ಈ ಕೋಟು ಮುಗಿಸಿಕೊಟ್ಟು ನಾನು ಹೊರಡ್ತೀನಿ."

"ಎಲ್ಲಿಗೆ?"

"ರೆಡಿಮೇಡ್ ಫ್ಯಾಕ್ಟರಿಗೆ. ಮೆಷಿನ್ ಗೊತ್ತಿರೋರು ಬೇಕಂತೆ. ಇಲ್ಲಿ ಇನ್ನೇನಿದೆ?"

ಗುಮ್ಮ ಹೋದರೆ ಅಂಗಡಿ ಮುಚ್ಚಿದಂತೆಯೇ. ಅತ್ತಿಗೆಯೊಳಗೆ ಅಷ್ಟು ದಿನ ಹೊಗೆಯಾಡುತ್ತಿದ್ದದ್ದು ಭಗ್ಗೆಂದಿತು. "ಹೋಗು! ನಿನಗೇನು ಕಷ್ಟ? ಅಣ್ಣ ಸತ್ತ ಅಂತ ಕೇಳಿ ಅಂಗಿ ಮಡಚಿಟ್ಟೋನು ನೀನು. ಅಂಗಡೀನೂ ಮಡಚಿಡು. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವಲ್ಲೋ ನಿನಗೆ!"

ಅವನು ಇಸ್ತ್ರಿಪೆಟ್ಟಿಗೆಯ ವೈರನ್ನು ಸುತ್ತತೊಡಗಿದ.

ಹಳೆಯ ಅಭ್ಯಾಸ ಬಿಡಬೇಕಲ್ಲ, ಅತ್ತಿಗೆಯ ಕೈ ತಾನಾಗಿ ಕಪಾಟಿನ ಕೆಳಗಿನ ಡಬ್ಬಿಯನ್ನು ಎಳೆದುಕೊಂಡಿತು. ಮಾಸ್ಟರು ಹೋದ ಮೇಲೆ ಅವರು ಅದನ್ನು ಮುಟ್ಟಿರಲಿಲ್ಲ. ಮುಚ್ಚಳ ತೆಗೆದರು.

ಬೇರೆ ಮಾಡಲು ಒಂದು ಗುಂಡಿಯೂ ಇರಲಿಲ್ಲ. ಲೈನಿಂಗ್ ಬಟ್ಟೆಯ ಚೂರುಗಳಲ್ಲಿ ಪುಟ್ಟ ಪುಟ್ಟ ಗಂಟುಗಳು. ಒಂದರಲ್ಲಿ ಕಪ್ಪು, ಒಂದರಲ್ಲಿ ಬಿಳಿ, ಒಂದರಲ್ಲಿ ಕಂದು. ಕಪ್ಪಿನಲ್ಲೂ ದೊಡ್ಡದು ಬೇರೆ, ಚಿಕ್ಕದು ಬೇರೆ. ಜೋಡಿಯಿಲ್ಲದ ಒಂಟಿ ಗುಂಡಿಗಳಿಗೂ ಒಂದು ಗಂಟು.

"ಇದ್ಯಾರೋ ಮಾಡಿದ್ದು?"

ವೈರು ಸುತ್ತುತ್ತಿದ್ದ ಕೈ ನಿಂತಿತು. "ಬೆಳಿಗ್ಗೆ ನೀವು ಬರೋಕೆ ಮುಂಚೆ ಬರ್ತಿದ್ದೆ."

"ನೀನಾ? ನಾನೇನು ಮಗುವಾ ಅಂತಿದ್ದೋನು?"

"ಎದೆ ಒಳಗೆ ಕಲ್ಲು ಕೂತ ಹಾಗಿತ್ತು ಅತ್ತಿಗೆ. ಅಳೋಣ ಅಂದ್ರೆ ಬರ್ಲಿಲ್ಲ. ಅಣ್ಣ ಇದ್ದಿದ್ರೆ ಡಬ್ಬಿ ತಳ್ತಿದ್ದ. ಇಲ್ವಲ್ಲ, ನಾನೇ ಎಳ್ಕೊಂಡೆ." ಅವನು ತಲೆ ತಗ್ಗಿಸಿದ. "ನಿನ್ನೆ ಮುಗಿದುಹೋಯ್ತು. ಒಂದೂ ಉಳೀಲಿಲ್ಲ. ಇನ್ನು ದಿನಾ ಬಂದು ಏನು ಮಾಡ್ಲಿ ಅಂತ ತೋಚ್ಲಿಲ್ಲ. ಅದಕ್ಕೇ ಫ್ಯಾಕ್ಟರಿ ಅಂದೆ."

ಅತ್ತಿಗೆ ಅವನನ್ನೇ ನೋಡಿದರು. ಮೊದಲು ಸೂಜಿ ಕೆಳಗಿಡಿ, ಎಂದಿದ್ದ. ತನ್ನ ಅಣ್ಣ ಹೋದ ಗಳಿಗೆಯಲ್ಲಿ ಇವನಿಗೆ ತೋಚಿದ್ದು, ಅತ್ತಿಗೆಯ ಬೆರಳಿಗೆ ಸೂಜಿ ಚುಚ್ಚಬಾರದು ಎಂದು. ಅದನ್ನು ಬಿಟ್ಟು ತಾನು ಅಂಗಿಯನ್ನು ನೆನಪಿಟ್ಟುಕೊಂಡು ಕೂತೆನಲ್ಲ! ಏನು ಮಾಡಬೇಕೆಂದು ತಿಳಿಯದ ಕೈ ಗೊತ್ತಿರುವ ಕೆಲಸ ಮಾಡಿತ್ತು, ಅಷ್ಟೇ. ಮಾಸ್ಟರಾಗಿದ್ದರೆ ಆ ಮಡಿಕೆಯಲ್ಲೇ ತಮ್ಮನ ಅಳುವನ್ನು ಓದುತ್ತಿದ್ದರು.

"ಹುಚ್ಚಪ್ಪಾ, ಇದು ಮುಗಿಯೋ ಕೆಲಸ ಅಂದ್ಕೊಂಡ್ಯಾ?" ಎಂದರು. "ದಿನಾ ಸಂಜೆ ನಿಮ್ಮಣ್ಣ ಇದನ್ನ ಮತ್ತೆ ಕಲಸಿಡ್ತಿದ್ರು ಕಣೋ."

"ಏನು?"

"ಹೂಂ. ನಾವೆಲ್ಲ ಬೇರೆ ಮಾಡೋದು, ಅವರು ಬಾಗಿಲು ಹಾಕ್ಕೊಂಡು ಕಲಸೋದು."

ಗುಮ್ಮ ಬಾಯಿ ತೆರೆದು ನಿಂತ. "ಕಳ್ಳ!" ಎಂದ. "ನಮ್ಮಣ್ಣ ಇಷ್ಟು ದೊಡ್ಡ ಕಳ್ಳನಾ!" ನಕ್ಕ. ನಗು ಅರ್ಧದಲ್ಲಿ ಮುರಿಯಿತು. ಇಸ್ತ್ರಿ ಮೇಜಿಗೆ ಹಣೆಯಿಟ್ಟು, ಅಷ್ಟು ದಿನದ್ದೂ ಸೇರಿಸಿ ಅತ್ತ. ಅತ್ತಿಗೆ ಹತ್ತಿರ ಹೋಗಿ ಅವನ ಬೆನ್ನಿನ ಮೇಲೆ ಕೈಯಿಟ್ಟರು. ತಾವು ಮದುವೆಯಾಗಿ ಬಂದಾಗ ಇವನಿಗೆ ಮೀಸೆಯೂ ಮೂಡಿರಲಿಲ್ಲ ಎಂಬುದು ನೆನಪಾಯಿತು.

"ಮೂಗು ಒರೆಸ್ಕೋ. ನರ್ಸಮ್ಮನ ಬಟ್ಟೆ ಮೇಲೆ ಬಿದ್ದೀತು," ಎಂದರು ಕೊನೆಗೆ. "ಮೆಷಿನ್ನಿಗೆ ನೀಲಿ ದಾರ ಹಾಕು."

"ಗೆರೆ ಅಳಿಸಿಹೋಗುತ್ತೆ ಅತ್ತಿಗೆ."

"ಹೋಗ್ಲಿ. ಹೊಲೀಲಿ ಅಂತ ತಾನೇ ಎಳೆದಿದ್ದು?"

ಮೆಷಿನ್ನು ಓಡಿತು. ಬಿಡಿ ತುಂಡುಗಳು ಕೂಡಿ ಬೆನ್ನಾಯಿತು, ಭುಜವಾಯಿತು. ನರ್ಸಮ್ಮ ಗುಂಡಿ ಹಾಕುವ ಮುನ್ನವೇ ಕೋಟು ತೊಟ್ಟು ಬೀದಿಯುದ್ದ ನಡೆದು ತೋರಿಸಿದಳು. ಫ್ಯಾಕ್ಟರಿಯ ಮಾತು ಮತ್ತೆ ಬರಲಿಲ್ಲ.

ಗುಂಡಿ ಹಾಕಿ ಮುಗಿಸಿದ ಸಂಜೆ ಗುಮ್ಮ ಹೊರಗೆ ಬಾಗಿಲ ಬಳಿ ಕಾಯುತ್ತಿದ್ದ. ಅತ್ತಿಗೆ ಡಬ್ಬಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಸುರಿದರು. ತೋಳು ಮೇಲೇರಿಸಿ ಕೈಹಾಕಿ, ಕಪ್ಪು ಬಿಳಿ ಕಂದು ಎಲ್ಲವನ್ನೂ ಚೆನ್ನಾಗಿ ಕಲಸಿದರು. ಗುಂಡಿಗಳು ತಣ್ಣಗಿದ್ದವು. ಕಣ್ಣು ಮುಚ್ಚಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಮನಸ್ಸಿನಲ್ಲೇ ಹೇಳಿಕೊಂಡರು:

ದೇವರೇ, ಮುಖ ನೋಡಿ ಮನಸ್ಸು ತಿಳಿಯುವ ಒಬ್ಬರನ್ನು ನಿನ್ನ ಬಳಿ ಕರೆದುಕೊಂಡಿದ್ದೀಯ. ಇಲ್ಲಿ ಎಲ್ಲರ ದುಗುಡವನ್ನೂ ಅವರೇ ನೋಡಿಕೊಂಡರು, ತಮ್ಮದನ್ನು ಯಾರಿಗೂ ತೋರಿಸಲಿಲ್ಲ. ಅವರ ಭುಜ ಇಳಿದಿದ್ದರೆ ನೀನು ನೋಡು, ಸ್ವಲ್ಪ ಹೊತ್ತು ನಿನ್ನ ಪಕ್ಕದಲ್ಲಿ ಕೂರಿಸಿಕೋ. ಅವರ ಆತ್ಮಕ್ಕೆ ಶಾಂತಿ ಕೊಡು ತಂದೆ.