ರೀಲಣ್ಣ ಮರೆತ ಪಿಕ್ಚರು

ಕಟಿಂಗ್ ಶಾಪಿನ ಯಜಮಾನನನ್ನು ಎಲ್ಲರೂ ರೀಲಣ್ಣ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಕತ್ತರಿ ಆಡುವಷ್ಟು ಹೊತ್ತೂ ಅವನ ಬಾಯಿ ಆಡುತ್ತಿತ್ತು, ಆ ಬಾಯಿಂದ ಬರುತ್ತಿದ್ದದ್ದು ಸಿನಿಮಾ ಕಥೆ ಮಾತ್ರ. ಹಾಡು ಬಂದರೆ ಹಾಡುತ್ತಿದ್ದ, ಹೊಡೆದಾಟ ಬಂದರೆ ಕೈ ಬೀಸುತ್ತಿದ್ದ. ಆಗ ಮಾತ್ರ ಕತ್ತಿಯನ್ನು ಗಿರಾಕಿಯ ಗಂಟಲಿನಿಂದ ದೂರ ಹಿಡಿಯುವಷ್ಟು ವಿವೇಕ ಅವನಿಗಿತ್ತು.

ತನ್ನ ಬದುಕು ಕೂಡ ಅವನಿಗೆ ನೆನಪಾಗುತ್ತಿದ್ದದ್ದು ಸಿನಿಮಾ ಹಿಡಿದುಕೊಂಡೇ. ಮದುವೆಯಾದ ಹೊಸದರಲ್ಲಿ ಹೆಂಡತಿ ತಾನಾಗಿ ಅವನ ತೋಳು ಹಿಡಿದದ್ದು ಒಂದು ದೆವ್ವದ ಪಿಕ್ಚರಿನಲ್ಲಿ. ಮಗಳು ಹುಟ್ಟಿದ ಸುದ್ದಿ ಬಂದದ್ದು ಇಂಟರ್‌ವಲ್ಲಿನಲ್ಲಿ. ಅಪ್ಪ ತೀರಿಕೊಂಡಾಗ ಕಣ್ಣಲ್ಲಿ ಒಂದು ಹನಿ ಬಾರದವನು, ಎಷ್ಟೋ ದಿನದ ಮೇಲೆ ತೆರೆಯ ಮೇಲೆ ಒಂದು ಕುದುರೆ ಸತ್ತದ್ದಕ್ಕೆ ಗೋಳೋ ಎಂದು ಅತ್ತಿದ್ದ. ಯಾವ ಪಿಕ್ಚರಿನ ಮಾತೆತ್ತಿದರೂ ತಾನು ಎಲ್ಲಿ ಕೂತಿದ್ದೆ, ಪಕ್ಕದಲ್ಲಿ ಯಾರಿದ್ದರು, ಸೀಟಿನ ಸ್ಪ್ರಿಂಗು ಎಲ್ಲಿ ಚುಚ್ಚುತ್ತಿತ್ತು ಎನ್ನುವುದೆಲ್ಲ ಕಣ್ಣಿಗೆ ಕಟ್ಟಿದಂತೆ ಬರುತ್ತಿತ್ತು. ಥಿಯೇಟರು ಮುಚ್ಚಿ ಅಲ್ಲೀಗ ಟೈರುಗಳ ಗೋಡೌನು ಆಗಿತ್ತು. ಟಿವಿಯಲ್ಲಿ ನೋಡಿದ್ದು ಅವನಿಗೆ ಮೈಗೆ ಹತ್ತುತ್ತಿರಲಿಲ್ಲ. ಹಾಗಾಗಿ ಅಂಗಡಿಯಲ್ಲಿ ಓಡುತ್ತಿದ್ದವೆಲ್ಲ ಹಳೆಯವೇ.

ಆ ಭಾನುವಾರ ಬೆಳಿಗ್ಗೆ ಬೆಂಚು ತುಂಬಿತ್ತು. ಕುರ್ಚಿಯಲ್ಲಿ ಬಡಗಿ ಕೂತಿದ್ದ. ರೀಲಣ್ಣನಿಗಿಂತ ಹಿರಿಯ, ಒಂಟಿಯಾಳು, ಹತ್ತು ಮಾತಿಗೆ ಒಂದು ಮಾತಾಡುವವನು. ಅವನ ಕೆನ್ನೆಗೆ ಸೋಪಿನ ನೊರೆ ಹಚ್ಚುತ್ತಿದ್ದಾಗ ಬೆಂಚಿನಿಂದ ಔಷಧಿ ಅಂಗಡಿಯವನು ಕೂಗಿದ.

"ರೀಲಣ್ಣಾ, ಇವತ್ತು ಅಳೋದು ಬೇಡಪ್ಪಾ. ಮನೇಲಿ ಅದೇ ನಡೀತಿದೆ. ನಗೋದು ಯಾವ್ದಾದ್ರೂ ಹಾಕು."

"ನಗೋದೂ ಇದೆ, ಅಳೋದೂ ಇದೆ, ಅಂಥದ್ದೊಂದು ಹೇಳ್ತೀನಿ ತಗೊಳ್ಳಿ," ಎಂದ ರೀಲಣ್ಣ. "ಬ್ಲ್ಯಾಕ್ ಅಂಡ್ ವೈಟು. ಹೀರೋ ಮದುವೆ ಸ್ಟೇಜು ಕಟ್ಟೋನು. ಹರೇದಲ್ಲಿ ಹೆಂಡತಿ, ಹಸುಗೂಸು ಇಬ್ಬರನ್ನೂ ಬಿಟ್ಟು ಓಡಿಹೋಗಿರ್ತಾನೆ."

"ಹೀರೋನಾ ಅವನು? ವಿಲನ್ ಅನ್ನು," ಎಂದ ಬೆಂಚಿನಲ್ಲಿದ್ದ ಬಸ್ ಡ್ರೈವರು.

"ಕೇಳಯ್ಯಾ ಪೂರ್ತಿ. ಮಗಳು ದೊಡ್ಡೋಳಾಗ್ತಾಳೆ, ಮದುವೆ ಗೊತ್ತಾಗುತ್ತೆ. ಇವನಿಗೆ ಎಲ್ಲಿಂದಲೋ ಸುದ್ದಿ ಬೀಳುತ್ತೆ. ಕರೆಯೋರು ಯಾರು? ಸ್ಟೇಜು ಕಟ್ಟೋ ಆಳುಗಳ ಜೊತೆ ಸೇರ್ಕೊಂಡು ಒಳಗೆ ಬರ್ತಾನೆ. ಕೆಲಸ ಮುಗಿದ್ರೂ ಹೋಗಲ್ಲ. ಪರದೆ ಹಿಂದೆ ನಿಂತು ಸುಮ್ ಸುಮ್ನೆ ಮೊಳೆ ಹೊಡೀತಾ ಇರ್ತಾನೆ. ಗಂಡಿನ ಕಡೆಯೋರು, ‘ಏಯ್, ನಡಿಯೋ ಹಿಂದಕ್ಕೆ, ಫೋಟೋದಲ್ಲಿ ಬರ್ತೀಯ’ ಅಂತ ಬೈತಾರೆ."

ಬೆಂಚಿನಲ್ಲಿ ನಗು. ರೀಲಣ್ಣ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆದು, ಬಡಗಿಯ ಬಲಗೆನ್ನೆಯ ಮೇಲೆ ನುಣ್ಣಗೆ ಎಳೆದ.

"ಅಷ್ಟೊತ್ತಿಗೆ ಮದುಮಗಳು ಕೂತಿದ್ದ ಕುರ್ಚಿ ಅಲ್ಲಾಡುತ್ತೆ. ‘ಯಜಮಾನ್ರೇ, ಇದೊಂಚೂರು ನೋಡಿ’ ಅಂತಾಳೆ. ಯಾರನ್ನ? ಹೆತ್ತ ಅಪ್ಪನ್ನ! ಇವನು ಹೋಗಿ ಕಾಲ ಬುಡದಲ್ಲಿ ಕೂತು ಕುರ್ಚಿ ಕಾಲಿಗೆ ಮರದ ಚಕ್ಕೆ ಕೊಡ್ತಾನೆ. ‘ನಿಮ್ಮದು ಯಾವ ಊರು?’ ಅಂತ ಕೇಳ್ತಾಳೆ. ಇವನ ಬಾಯಿ ತುಂಬ ಮೊಳೆ!"

ರೀಲಣ್ಣ ತುಟಿ ಬಿಗಿಹಿಡಿದು, ಕಣ್ಣು ದೊಡ್ಡದು ಮಾಡಿ, "ಮ್... ಮ್... ಮ್ಮ್..." ಎಂದು ತಲೆ ಆಡಿಸಿದ. ಬಸ್ ಡ್ರೈವರು ಚಪ್ಪಾಳೆ ತಟ್ಟಿದ. ಔಷಧಿ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ಬೆಂಚಿನಿಂದ ಜಾರಿದ. "ಅಯ್ಯೋ, ಇನ್ನೊಂದ್ಸಲ ಮಾಡೋ!" ರೀಲಣ್ಣ ಇನ್ನೊಂದು ಸಲ ಮಾಡಿದ.

"ಯಾವ ಪಿಕ್ಚರೋ ಇದು? ನಾನು ನೋಡೇ ಇಲ್ವಲ್ಲ," ಎಂದ ಡ್ರೈವರು. "ಯಾರು ಆ್ಯಕ್ಟ್ ಮಾಡಿದ್ದು?"

ರೀಲಣ್ಣ ಎಂದಿನಂತೆ ನೆನಪಿನಲ್ಲಿ ತನ್ನ ಸೀಟು ಹುಡುಕಿದ. ಸೀಟು ಸಿಕ್ಕಿದರೆ ಹೆಸರು ತಾನಾಗಿ ಸಿಗುತ್ತಿತ್ತು. ಈ ಸಲ ಸಿಗಲಿಲ್ಲ. ಬಾಲ್ಕನಿಯಲ್ಲಿ ಇಲ್ಲ, ತೆರೆಯ ಮುಂದಿನ ಗಾಂಧಿ ಕ್ಲಾಸಿನಲ್ಲಿ ಇಲ್ಲ, ಹೆಂಡತಿಯ ಪಕ್ಕದಲ್ಲೂ ಇಲ್ಲ. ಬದಲಿಗೆ ನೆನಪಾದದ್ದು ಒಂದು ಮಳೆಯ ಮಧ್ಯಾಹ್ನ, ಖಾಲಿ ಅಂಗಡಿ, ಸೋಪಿನ ವಾಸನೆ, ತನ್ನ ಕೈಯ ಕೆಳಗೆ ಒಬ್ಬನ ಕತ್ತು. ಕನ್ನಡಿಯಲ್ಲಿ ಆ ಮನುಷ್ಯನ ಬಾಯಿ ಮೆಲ್ಲಗೆ ಅಲ್ಲಾಡುತ್ತಿತ್ತು.

ರೀಲಣ್ಣ ಈಗ ಕನ್ನಡಿ ನೋಡಿದ. ಬಡಗಿಯ ಅರ್ಧ ಮುಖ ಬೋಳಾಗಿತ್ತು, ಇನ್ನರ್ಧದಲ್ಲಿ ನೊರೆ ಒಣಗುತ್ತಿತ್ತು. ಎದ್ದು ಹೋಗುವಂತಿಲ್ಲ, ತುಟಿಯ ಮೇಲೆ ಸೋಪು ಇರುವಾಗ ಬಾಯಿ ಬಿಡುವಂತಿಲ್ಲ. ಕಣ್ಣು ಮಾತ್ರ ಕನ್ನಡಿಯೊಳಗಿಂದ ರೀಲಣ್ಣನನ್ನೇ ನೋಡುತ್ತಿತ್ತು.

"ಹೇಳೋ, ಏನ್ ಪಿಕ್ಚರು?" ಡ್ರೈವರು ಮತ್ತೆ ಕೇಳಿದ.

ರೀಲಣ್ಣ ಕತ್ತಿಯನ್ನು ಮತ್ತೆ ಪಟ್ಟಿಗೆ ಮಸೆದ. ಸುಳ್ಳು ಹೆಸರೊಂದನ್ನಾದರೂ ಹೇಳಬಹುದಿತ್ತು, ಅದೂ ಹೊಳೆಯಲಿಲ್ಲ.

"ಏನಯ್ಯಾ, ನಿಜವಾಗ್ಲೂ ನಡೆದಿದ್ದೋ ಏನ್ ಕಥೆ? ನಮ್ಮೋರೇ ಯಾರಾದ್ರೂನಾ?" ಎಂದು ಔಷಧಿ ಅಂಗಡಿಯವನು ಕಣ್ಣು ಮಿಟುಕಿಸಿದ.

ಬಡಗಿ ಹೆಗಲ ಮೇಲಿನ ಟವೆಲ್ಲಿನಿಂದ ತುಟಿ ಒರೆಸಿಕೊಂಡ. "ನಾನೂ ನೋಡಿದ್ದೀನಿ ಆ ಪಿಕ್ಚರು," ಎಂದ. "ಹೆಸರು ನಂಗೂ ಮರ್ತೋಗಿದೆ. ಅಷ್ಟೇನ್ ಚೆನ್ನಾಗಿಲ್ಲ."

"ಕೊನೇಲಿ ಏನಾಗುತ್ತೆ? ಮಗಳಿಗೆ ಗೊತ್ತಾಗುತ್ತಾ?" ಎಂದ ಡ್ರೈವರು.

"ಗೊತ್ತಿಲ್ಲ. ನಡುವೆ ಕರೆಂಟ್ ಹೋಯ್ತು. ಎದ್ದು ಬಂದ್ಬಿಟ್ಟೆ."

ಬೆಂಚಿನಲ್ಲಿ ಮತ್ತೆ ನಗು. ರೀಲಣ್ಣ ಉಳಿದರ್ಧ ಮುಖಕ್ಕೆ ಹೊಸದಾಗಿ ನೊರೆ ಹಚ್ಚಿ ಕ್ಷೌರ ಮುಗಿಸಿದ. ಪ್ರತಿಸಲ ಗಲ್ಲ ಸವರಿ ನೋಡಿಕೊಳ್ಳುತ್ತಿದ್ದ ಬಡಗಿ ಈ ಸಲ ಹಾಗೇ ಇಳಿದು ಹೋದ.

ಮಧ್ಯಾಹ್ನ ರೀಲಣ್ಣ ಅಂಗಡಿ ಅರ್ಧ ಮುಚ್ಚಿ ಮನೆಗೆ ಬಂದ. ತಟ್ಟೆಯ ಮುಂದೆ ಕೂತು ಹೆಂಡತಿಗೆ ಎಲ್ಲ ಹೇಳಿದ. ಅವಳು ಬಡಿಸುತ್ತಿದ್ದ ಸೌಟು ನಿಂತಿತು.

"ಅದು ಪಿಕ್ಚರಲ್ವಾ? ನಂಗೂ ಹೇಳಿದ್ರಲ್ಲ ನೀವು. ಬ್ಲ್ಯಾಕ್ ಅಂಡ್ ವೈಟು ಅಂದ್ರಿ. ನಿಮ್ಮ ಅಕ್ಕನ ಮನೇಲೂ ಹೇಳಿದ್ರಿ."

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ. ದೇವರಾಣೆ."

"ಕೇಳೋವಾಗ ಕೈ ಕೆಲಸ ಮಾಡ್ತಿರುತ್ತೆ, ಕಿವಿ ಒಂದು ಕಡೆ. ಯಾವುದು ತೆರೆ ಮೇಲಿಂದು, ಯಾವುದು ಕುರ್ಚಿ ಮೇಲಿಂದು ಅಂತ ನೋಡೋದು ಬೇಡ್ವಾ?" ಸೌಟನ್ನು ಪಾತ್ರೆಗಿಟ್ಟು ಅವಳೇ ಕೇಳಿದಳು. "ನಗೋ ಹಾಗೆ ಬೇರೆ ಹೇಳಿದ್ರಾ?"

ಅವನು ತಟ್ಟೆ ಸರಿಸಿ ಕೈ ತೊಳೆಯಲು ಎದ್ದ.

ಬಡಗಿ ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹೆಂಡತಿಯೇ ಚೀಲಕ್ಕೆ ಕತ್ತಿ, ಬ್ರಶ್ಶು, ಬಟ್ಟಲು, ಪಟಿಕದ ಕಲ್ಲು ಎಲ್ಲ ತುಂಬಿ ರೀಲಣ್ಣನ ಕೈಗೆ ಕೊಟ್ಟಳು. "ಹೋಗಿ. ಭಾಷಣ ಮಾಡ್ಬೇಡಿ ಅಲ್ಲಿ."

ಬಡಗಿ ತನ್ನ ಶೆಡ್ಡಿನಲ್ಲಿ ಹಲಗೆಗೆ ಉಜ್ಜುಗೊರಡು ಹಾಕಿ ನುಣುಪು ಮಾಡುತ್ತಿದ್ದ. ಬಿಳಿ ಗಡ್ಡ ಬೆಳೆದಿತ್ತು, ಗಲ್ಲದ ಮೇಲೆ ತಾನೇ ಮಾಡಿಕೊಂಡ ಗಾಯವೊಂದು. ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ತೊಡಗಿದ. ರೀಲಣ್ಣ ಹೆರೆದ ಹೊಟ್ಟಿನ ರಾಶಿಯ ಪಕ್ಕ ನಿಂತ.

"ಅಣ್ಣಾ, ತಪ್ಪಾಯ್ತು."

"ಯಾರಿಗೂ ಹೇಳ್ಬೇಡ ಅಂತ ನಾನು ಅಂದಿರ್ಲಿಲ್ಲ."

"ಅನ್ನಬೇಕಾಗಿತ್ತಾ?"

ಬಡಗಿ ಉಜ್ಜುಗೊರಡನ್ನು ತಿರುಗಿಸಿ ಸಿಕ್ಕಿಕೊಂಡ ಸಿಪ್ಪೆ ಕಿತ್ತ. "ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ ತಮ್ಮಾ. ಅವತ್ತು ನಾನು ಹೇಳಿದಾಗ ನೀನು ಅತ್ತಿದ್ದೆ. ಕತ್ತಿ ಕೆಳಗಿಟ್ಟು ಅತ್ತಿದ್ದೆ. ಈ ಮಾತು ಇಳಿಸೋಕೆ ಒಂದು ಜಾಗ ಸಿಕ್ತು ಅಂತ ಅವತ್ತು ನಿದ್ದೆ ಬಂತು ನಂಗೆ." ಸಿಪ್ಪೆಯನ್ನು ಊದಿ ಹಾರಿಸಿದ. "ಮೊನ್ನೆ ಅಂಗಡೀಲಿ ನೀನು ಅದನ್ನೇ ಎರಡು ಸಲ ಮಾಡಿ ತೋರಿಸ್ದೆ."

ರೀಲಣ್ಣನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಕೊನೆಗೆ ಬಡಗಿಯೇ ಒಂದು ಸ್ಟೂಲು ಎಳೆದುಕೊಂಡು ಬೆಳಕಿಗೆ ಮುಖ ಮಾಡಿ ಕೂತ. "ತಂದಿದ್ದೀಯಲ್ಲ, ಮಾಡು. ಗಡ್ಡ ಕೆರೀತಿದೆ."

ಅಲ್ಲಿ ಕನ್ನಡಿ ಇರಲಿಲ್ಲ. ರೀಲಣ್ಣ ತುಟಿ ಪಿಟಕ್ಕೆನ್ನದೆ ಕ್ಷೌರ ಮಾಡಿದ. ಗಾಯಕ್ಕೆ ಪಟಿಕ ಒತ್ತಿದಾಗ ಬಡಗಿ "ಸ್" ಎಂದ.

ಅಂದಿನಿಂದ ಅಂಗಡಿಯಲ್ಲಿ ಯಾವ ಕಥೆ ಶುರುಮಾಡುವ ಮುಂಚೆಯೂ ರೀಲಣ್ಣ ಮೊದಲು ತನ್ನ ಸೀಟು ಹುಡುಕುತ್ತಿದ್ದ. ಸೀಟು ಸಿಗದಿದ್ದರೆ ಕಥೆ ಇಲ್ಲ. ಹಾಗೆ ಹುಡುಕುತ್ತ ಹೋದಂತೆ, ತಾನು ಬಹಳ ಇಷ್ಟಪಟ್ಟು ಹೇಳುತ್ತಿದ್ದ ಕಥೆಗಳಲ್ಲಿ ಎಷ್ಟೋ ಕಥೆಗಳಿಗೆ ಸೀಟೇ ಇಲ್ಲವೆಂದು ತಿಳಿಯಿತು. ತಮ್ಮನನ್ನು ಕೋರ್ಟಿಗೆಳೆದ ಅಣ್ಣನ ಕಥೆ, ಸೊಸೆಯ ಕಾಗದ ಸುಟ್ಟ ಅತ್ತೆಯ ಕಥೆ. ಒಂದೊಂದರ ಹಿಂದೆಯೂ ಒಂದೊಂದು ಕತ್ತು ನೆನಪಾಗುತ್ತಿತ್ತು. ಆ ಜನ ರಸ್ತೆಯಲ್ಲಿ ಎದುರಾದರೆ ಅವನು ಈಗ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗುತ್ತಿದ್ದ.

ಗಡ್ಡ ಮತ್ತೆ ಬೆಳೆದಾಗ ಬಡಗಿ ತಾನೇ ಅಂಗಡಿಗೆ ಬಂದ. ಅವನು ಕುರ್ಚಿಯಲ್ಲಿ ಕೂತಿದ್ದಾಗಲೇ ಔಷಧಿ ಅಂಗಡಿಯವನು ಹೊಸಬನೊಬ್ಬನನ್ನು ಪಕ್ಕಕ್ಕೆ ಕೂರಿಸಿಕೊಂಡ.

"ರೀಲಣ್ಣಾ, ಇವರಿಗೆ ಆ ಮೊಳೆ ಪಿಕ್ಚರು ಹಾಕು. ಆ ‘ಮ್ ಮ್’ ಅನ್ನೋದು ಮಾಡಿ ತೋರ್ಸು."

"ಮರ್ತೋಯ್ತು."

"ಏನು?"

"ಮರ್ತೋಯ್ತು ಕಣಯ್ಯಾ. ಒಂದು ಸೀನೂ ನೆನಪಿಲ್ಲ."

"ಮುಗೀತು ಬಿಡ್ರಪ್ಪಾ, ರೀಲಣ್ಣನ ರೀಲು ಹರೀತು!" ಬೆಂಚೆಲ್ಲ ನಕ್ಕಿತು. ವಯಸ್ಸಾಯಿತು ಎಂದರು, ಬಾದಾಮಿ ತಿನ್ನು ಎಂದರು. ಡ್ರೈವರು ಅವನ ಹಾಗೆಯೇ ತುಟಿ ಬಿಗಿಹಿಡಿದು ಹೊಸಬನಿಗೆ ಮಾಡಿ ತೋರಿಸಿದ.

ಅದನ್ನು ತಡೆಯುವ ದಾರಿ ರೀಲಣ್ಣನಿಗೆ ತಿಳಿಯಲಿಲ್ಲ. ಬಡಗಿ ಕಣ್ಣು ಮುಚ್ಚಿ, ಕತ್ತನ್ನು ಇನ್ನಷ್ಟು ಹಿಂದಕ್ಕೆ ಚಾಚಿ ಕೊಟ್ಟ. ರೀಲಣ್ಣ ಕನ್ನಡಿಯ ಕಡೆ ನೋಡದೆ, ಕತ್ತಿಯ ಅಂಚನ್ನಷ್ಟೇ ನೋಡುತ್ತ ಕೆಲಸ ಮುಂದುವರಿಸಿದ.