ಕೆಂಪು ಟೇಪಿನ ಅಳತೆ

ಸೈಕಲ್ಲಿನ ಸೀಟಿನ ಕಂಬಕ್ಕೆ ಸುತ್ತಿದ್ದ ಕೆಂಪು ಟೇಪನ್ನು ಯಾರೂ ಮುಟ್ಟಕೂಡದು ಎಂದು ಅವ್ವ ಮಹದೇವಮ್ಮ ಕಟ್ಟುನಿಟ್ಟು ಮಾಡಿ ಹತ್ತು ತಿಂಗಳಾಗಿತ್ತು. ತಾಂಡವಪುರದಲ್ಲಿ ಅವಳ ಮಾತಿಗೆ ಎದುರಾಡುವ ಗಂಡಸರೇ ಕಡಿಮೆ, ಇನ್ನು ಮಗಳು ಧನುಶ್ರೀಯ ಪಾಡೇನು!

ಆ ಟೇಪು ಸುತ್ತಿದ್ದವನು ಅಣ್ಣ ಸಿದ್ಧಾರ್ಥ. ಈಜು, ಸೈಕಲ್ಲು, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್ ಎಂಬ ಪಂದ್ಯದ ಹುಚ್ಚು ಅವನಿಗೆ ಹಿಡಿದಿತ್ತು. ಎರಡು ವರ್ಷ ಕಾದು ಆ ಪಂದ್ಯಕ್ಕೆಂದೇ ಮಾಡಿದ ಸೈಕಲ್ಲನ್ನು ತಂದಿದ್ದ. ಹ್ಯಾಂಡಲ್ಲಿನ ನಡುವೆ ಮೊಣಕೈ ಊರಲು ಎರಡು ಪುಟ್ಟ ದಿಂಬು, ಮುಂದಕ್ಕೆ ಚಾಚಿದ ಎರಡು ಕೊಂಬು. ಅದರ ಮೇಲೆ ಬಾಗಿ ಕೂತು ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಸೀಟು ತನ್ನ ಕಾಲಿಗೆ ಸರಿಯಾಗಿ ಹೊಂದಿದ ದಿನ, ಕಂಬ ಫ್ರೇಮಿನೊಳಕ್ಕೆ ಇಳಿಯುವ ಕಡೆ ಗುರುತಿಗಿರಲಿ ಎಂದು ಟೇಪು ಸುತ್ತಿದ. ಪಂದ್ಯಕ್ಕೆ ಇನ್ನು ಹದಿನೈದು ದಿನ ಎನ್ನುವಾಗ ಡೆಂಗಿ ಜ್ವರ ಬಂತು. ಒಂಬತ್ತನೆಯ ದಿನ ಅವನಿರಲಿಲ್ಲ. ಸೈಕಲ್ಲು ಮಾತ್ರ ನಡುಮನೆಯ ಗೋಡೆಗೆ ಒರಗಿ ನಿಂತಿತ್ತು.

ಈ ವರ್ಷದ ಪಂದ್ಯಕ್ಕೆ ಅಣ್ಣನ ಬದಲು ತಾನು ಹೋಗುತ್ತೇನೆ ಎಂದು ಧನುಶ್ರೀ ಹೇಳಿದಾಗ ಅವ್ವ ಸೆರಗಿನಿಂದ ಸೈಕಲ್ಲಿನ ಧೂಳು ಒರೆಸಿದಳು. ಕೊನೆಗೆ, "ಓಗು. ಆದ್ರೆ ಅವ್ನು ಎಂಗ್ ಮಡಗವ್ನೋ ಅಂಗೇ ಇರ್ಬೇಕು. ಏನೂ ಅಲ್ಲಾಡಿಸ್ಬೇಡ" ಅಂದಳು.

ಅಣ್ಣ ಆರಡಿ ಆಳು. ಧನುಶ್ರೀ ಐದಡಿ ಎರಡಂಗುಲ. ಅಣ್ಣನದು ತನಗಾಗುವುದಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅವನ ಅಂಗಿಯ ತೋಳು ಮಡಚಿ, ಅವನ ಶೂಗೆ ಬಟ್ಟೆ ತುರುಕಿ ಶಾಲೆಗೆ ಹೋದವಳು ಅವಳು. ದೊಡ್ಡದಾಯಿತು ಎಂದು ಅತ್ತರೆ ಅವ್ವ, "ಬೆಳೀತೀಯ ಬುಡು" ಎಂದು ಸೂಜಿ ದಾರ ತರುತ್ತಿದ್ದಳು. ಅಣ್ಣನಷ್ಟು ಅವಳು ಬೆಳೆಯಲಿಲ್ಲ, ಅಣ್ಣನ ಸಾಮಾನು ಬರುವುದೂ ನಿಲ್ಲಲಿಲ್ಲ.

ದಿನಾ ಬೆಳಿಗ್ಗೆ ನಂಜನಗೂಡು ದಾಟಿ, ಸುತ್ತೂರಿನ ಮೇಲೆ ತಿ. ನರಸೀಪುರದ ಕಡೆಗೆ ಅಭ್ಯಾಸ. ಪೆಡಲು ಕೆಳಕ್ಕಿಳಿದಾಗ ಕಾಲ್ಬೆರಳಿನ ತುದಿಯಷ್ಟೇ ತಾಗುತ್ತಿತ್ತು. ಸೊಂಟ ಅತ್ತ ಇತ್ತ ಹೊರಳುತ್ತಿತ್ತು. ಮೊಣಕೈ ದಿಂಬಿಗೆ ಎಟುಕದೆ ತೋಳು ಚಾಚಿ ಚಾಚಿ, ಇಪ್ಪತ್ತು ಕಿಲೋಮೀಟರು ಆಗುವಷ್ಟರಲ್ಲಿ ಕೈಬೆರಳು ಜೋಮು ಹಿಡಿಯುತ್ತಿದ್ದವು. ತೊಡೆಯ ಸಂದು ಉಜ್ಜಿ ರಕ್ತ ಬಂದದ್ದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಹೀಗೇ ಇರುತ್ತದೆ, ಅಣ್ಣನೂ ಹೀಗೇ ಕಷ್ಟಪಟ್ಟಿರಬೇಕು ಅಂದುಕೊಂಡಳು ಪೆದ್ದಿ.

ಪಂದ್ಯಕ್ಕೆ ಮೂರು ವಾರ ಇರುವಾಗ, ಒಂದು ಶುಕ್ರವಾರ, ಸುತ್ತೂರು ದಾಟಿದ ಮೇಲೆ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಜೋಮು ಹಿಡಿದ ಬೆರಳು ಬ್ರೇಕು ಸೇರುವಷ್ಟರಲ್ಲಿ ಅವಳು ಗದ್ದೆಯ ಬದುವಿನ ಮೇಲೆ ಬಿದ್ದಿದ್ದಳು. ಎದ್ದವಳು ಮೊದಲು ನೋಡಿದ್ದು ಟೇಪನ್ನು. ತನ್ನ ಮೊಣಕಾಲಿನ ರಕ್ತ ಕಂಡದ್ದು ಆಮೇಲೆ.

ಹೇಗೋ ತುಳಿದುಕೊಂಡು ನರಸೀಪುರದ ಚಾಮಯ್ಯನ ಅಂಗಡಿ ಸೇರಿದಳು. ಸಿದ್ಧಾರ್ಥನ ಸೈಕಲ್ಲು ರಿಪೇರಿ ಮಾಡುತ್ತಿದ್ದವನು ಅವನೇ. ಬಾಯಿ ಸ್ವಲ್ಪ ಜೋರು, ಕೈ ಬಂಗಾರ. ಅವಳನ್ನು ಹತ್ತಿಸಿ ಗೋಡೆಗೆ ಆನಿಸಿ, ಪೆಡಲು ಹಿಂದಕ್ಕೆ ತುಳಿಸಿ, ಬೆನ್ನ ಹಿಂದೆ ನಿಂತು ನೋಡಿದ.

"ಅಲ್ಲ ಕಣವ್ವ, ಇದ ತುಳೀತಿದ್ದೀಯೋ, ಇದ್ರ ಮೇಲೆ ನೇತಾಡ್ತಿದ್ದೀಯೋ? ಸೀಟ ಯಾಕ್ ಇಳಿಸ್ಲಿಲ್ಲ?"

"ಇಳಿಸಂಗಿಲ್ಲ ಚಾಮಣ್ಣ. ಅವ್ವ ಬ್ಯಾಡ ಅಂದವ್ಳೆ."

ಚಾಮಯ್ಯ ಟೇಪನ್ನು ನೋಡಿದ. ದನಿ ತಗ್ಗಿಸಿದ. "ಇಳಿಸುದ್ರೂ ಪೂರ್ತಿ ಸರಿ ಓಗಲ್ಲ ಮಗ. ಸೀಟ್ ಇಳಿಸುದ್ರೆ ಕಾಲ್ಗೆ ಆಯ್ತದೆ. ಸೀಟಿಂದ ಹ್ಯಾಂಡಲ್‌ಗಂಟ ಇರೋ ಉದ್ದವ ಏನ್ ಮಾಡ್ಲಿ? ಫ್ರೇಮೇ ದೊಡ್ಡದು. ಇದು ನಿಂದಲ್ಲ."

ಕೊನೆಯ ಮಾತು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ಇದ್ರಲ್ಲೇ ಓಗ್ಬೇಕು. ಇದಿಲ್ದೇ ಓದ್ರೆ ಅಣ್ಣಂಗ್ ಏನ್ ಮಾಡ್ದಂಗಾಯ್ತು?" ಎಂದು ಅತ್ತೇಬಿಟ್ಟಳು.

"ನಿಮ್ಮವ್ವಂಗೆ ಫೋನ್ ಮಾಡು" ಅಂದ ಚಾಮಯ್ಯ.

ಎರಡು ಬಸ್ಸು ಬದಲಾಯಿಸಿ ಮಹದೇವಮ್ಮ ಬಂದಾಗ ಬಿಸಿಲೇರಿತ್ತು. ಅಂಗಡಿಯೊಳಕ್ಕೆ ಕಾಲಿಟ್ಟವಳೇ ಸೀಟಿನ ಕಂಬ ಸವರಿ, "ಏನ್ ಚಾಮಣ್ಣ, ಸೈಕಲ್ಗೇನಾಯ್ತು?" ಅಂದಳು.

ಚಾಮಯ್ಯನಿಗೆ ರೇಗಿಹೋಯಿತು. "ಸೈಕಲ್ಗೇನಾಗದೆ ಕಣಕ್ಕ, ಗಟ್ಟಿಮುಟ್ಟಾಗದೆ. ಮಗಳಿಗೇನಾಯ್ತು ಅಂತ ಕೇಳು!"

ಒಂದು ದಪ್ಪ ಪುಸ್ತಕ, ಪೆನ್ಸಿಲ್ಲು, ಅಳತೆಪಟ್ಟಿ ಕೊಟ್ಟು ಹಿಂದಿನ ಕೋಣೆ ತೋರಿಸಿದ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಸೀಟಿನ ಮೇಲೆ ಕೂತ ಹಾಗೆ ಪುಸ್ತಕವನ್ನು ತೊಡೆಸಂದಿಗೆ ಒತ್ತಿ, ಅದರ ಮೇಲಂಚಿಗೆ ಗೋಡೆಯಲ್ಲಿ ಗೆರೆ ಎಳೆಯಬೇಕು. "ಗಂಡುಡುಗ್ರಾದ್ರೆ ನಾನೇ ಇಡೀತಿದ್ದೆ. ಇದು ನಿನ್ ಕೆಲ್ಸ ಕಣಕ್ಕ."

ಕೋಣೆಯಲ್ಲಿ ಮಹದೇವಮ್ಮ ಮಂಡಿಯೂರಿ ಪುಸ್ತಕ ಒತ್ತಿದಳು. ಧನುಶ್ರೀ ಹಲ್ಲು ಕಚ್ಚಿದರೂ ಬಾಯಿಂದ ನರಳಿಕೆ ಹೊರಬಿತ್ತು. ಪುಸ್ತಕ ಈಚೆ ತೆಗೆದರೆ ಅಂಚಿನಲ್ಲಿ ರಕ್ತ.

"ತೋರ್ಸು" ಅಂದಳು ಅವ್ವ. ನೋಡಿದಳು. "ಎಷ್ಟ್ ದಿನ್ದಿಂದ?"

"ಒಂದ್ ತಿಂಗ್ಳಾಯ್ತು."

"ಯಾಕ್ ಏಳ್ನಿಲ್ಲ?"

"ಅಲ್ಲಾಡಿಸ್ಬೇಡ ಅಂದಿದ್ದಲ್ಲವ್ವ."

ಮಹದೇವಮ್ಮ ಕೂತಲ್ಲೇ ಕುಸಿದಳು. ಮಗ ಸತ್ತ ದಿನವೂ ಗಟ್ಟಿಯಾಗಿದ್ದ ಹೆಂಗಸು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. "ಒಂಬತ್ ದಿನ ಅವ್ನ ಮೈಯ ಗಳ್ಗೆಗೊಂದ್ ಸಲ ಮುಟ್ಟಿ ಮುಟ್ಟಿ ನೋಡ್ದೆ ಮಗ. ನಿನ್ ಮೈಯ ಒಂದಿನಾನೂ ನೋಡ್ನಿಲ್ವಲ್ಲ." ಧನುಶ್ರೀಗೆ ಅವ್ವನ ಮೇಲೆ ಇಷ್ಟು ವರ್ಷ ತನಗೇ ಗೊತ್ತಿಲ್ಲದೆ ಸಿಟ್ಟಿತ್ತು ಎಂಬುದು ಆಗ ತಿಳಿಯಿತು. ಅವ್ವನ ತಲೆಯ ಮೇಲೆ ಕೈಯಿಟ್ಟಳು.

ಆಮೇಲೆ ಮಹದೇವಮ್ಮ ಕಣ್ಣೊರೆಸಿಕೊಂಡು, ಪುಸ್ತಕವನ್ನು ಈ ಸಲ ಹಗುರವಾಗಿ ಹಿಡಿದು, ಗೆರೆ ಎಳೆದು ಅಳೆದಳು. ಈಚೆ ಬಂದು, "ಇಪ್ಪತ್ತೆಂಟೂವರೆ ಇಂಚು" ಅಂದಳು.

ಆ ಕಾಲಿಗೂ ಮೈಗೂ ಹೊಂದುವ ಸೈಕಲ್ಲು ನರಸೀಪುರದಲ್ಲೇ ಇದೆ ಎಂದು ಚಾಮಯ್ಯನಿಗೆ ಗೊತ್ತಿತ್ತು. ಸಿದ್ಧಾರ್ಥನ ಜೊತೆ ಅಭ್ಯಾಸ ಮಾಡುತ್ತಿದ್ದ ಶಿವು ಫೋನಿನಲ್ಲಿ ಫೋಟೋ ನೋಡಿಯೇ ಇಂಥದೇ ಸೈಕಲ್ಲು ಕೊಂಡು ಮೋಸಹೋಗಿದ್ದ. ಅವನೂ ಆರಡಿಯ ಹತ್ತಿರ, ಫ್ರೇಮು ತೀರಾ ಚಿಕ್ಕದು. ತುಳಿಯುವಾಗ ಮಂಡಿ ಮೊಣಕೈಗೆ ಬಡಿಯುತ್ತಿತ್ತು. ಇಬ್ಬರೂ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಸರಿಹೋಗುತ್ತದೆ ಎಂದು ಚಾಮಯ್ಯ ಹೇಳಿದಾಗ ಮಹದೇವಮ್ಮ, "ಮೊದ್ಲು ಆ ಉಡುಗನ್ನ ಕರ್ಸು" ಅಂದಳು.

ಶಿವು ತನ್ನ ಸೈಕಲ್ಲನ್ನು ತಳ್ಳಿಕೊಂಡು ಬಂದ. ಗೆಳೆಯನ ಸೈಕಲ್ಲಿನ ಹತ್ತಿರ ಹೋಗಲಾರದೆ ಬಾಗಿಲಲ್ಲೇ ನಿಂತ.

"ಸೈಕಲ್ ಅತ್ತಪ್ಪ" ಅಂದಳು ಮಹದೇವಮ್ಮ.

ಹತ್ತಿದ. ಬಾಗಿದ. ಮೊಣಕೈ ದಿಂಬಿನ ಮೇಲೆ ನೆಟ್ಟಗೆ ಕೂತಿತು. ಹಿಂದಿನಿಂದ ನೋಡಿದರೆ ಆ ಅಗಲ ಬೆನ್ನು ಅಣ್ಣನದೇ ಅನ್ನಿಸಿತು ಧನುಶ್ರೀಗೆ. ಸೀಟು ಮಾತ್ರ ಅವನಿಗೆ ಎರಡು ಬೆರಳು ಎತ್ತರವಿತ್ತು. ಚಾಮಯ್ಯ ಸ್ಪ್ಯಾನರು ಹಿಡಿದು ಬಗ್ಗಿದಾಗ ಶಿವು ಗಾಬರಿಯಾಗಿ, "ಬ್ಯಾಡ ಚಾಮಣ್ಣ, ಟೇಪ್ ಇರ್ಲಿ. ನಾನು ಇಂಗೇ ತುಳ್ಕತೀನಿ" ಅಂದ.

"ನೀನೂ ಸುರು ಅಚ್ಕೊಂಡ್ಯಾ!" ಮಹದೇವಮ್ಮ ಗದರಿದಳು. ತಾನೇ ಬಗ್ಗಿ, ಉಗುರಿನಿಂದ ಟೇಪಿನ ತುದಿ ಎಬ್ಬಿಸಿ, ಸುತ್ತು ಸುತ್ತಾಗಿ ಬಿಚ್ಚಿದಳು. ಯಾರೂ ನೆರವಿಗೆ ಹೋಗಲಿಲ್ಲ. ಬಿಚ್ಚಿದ ಟೇಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಚಿಕ್ಕ ಸೈಕಲ್ಲಿನ ಮೇಲೆ ಧನುಶ್ರೀ ಕೂತಳು. ಚಾಮಯ್ಯ ಸೀಟನ್ನು ಒಂದಿಷ್ಟು ಏರಿಸಿದ, ಇಳಿಸಿದ, ಮತ್ತೆ ಒಂದು ಎಳೆ ಏರಿಸಿದ. ಪೆಡಲು ಕೆಳಗೆ ಹೋದಾಗ ಪಾದ ಪೂರ್ತಿ ಊರಿತು, ಮಂಡಿ ಒಂದು ಚೂರು ಮಡಚಿಯೇ ಇತ್ತು. ಮೊಣಕೈ ದಿಂಬಿಗೆ ಸಿಕ್ಕಿತು. ಗಾಯ ಉರಿಯುತ್ತಿದ್ದರೂ ಮೈ ಎಲ್ಲೂ ಸೆಳೆಯಲಿಲ್ಲ. ಗಾಯ ಮಾಗುವವರೆಗೆ ಹತ್ತಕೂಡದು ಎಂದು ಚಾಮಯ್ಯ ತಾಕೀತು ಮಾಡಿದ.

"ಸರೀಗದಾ ಮಗ? ಸುಳ್ ಏಳ್ಬೇಡ" ಅಂದಳು ಅವ್ವ.

"ಸರೀಗದೆ ಕಣವ್ವ."

ಮಹದೇವಮ್ಮ ಚಾಮಯ್ಯನ ಕಡೆ ಕೈ ಚಾಚಿದಳು. "ಕೆಂಪ್ ಟೇಪ್ ಐತಾ ಚಾಮಣ್ಣ? ಒಸಾದು ಕೊಡು."

ಮಗಳ ಸೀಟಿನ ಕಂಬಕ್ಕೆ ಅವಳೇ ಅದನ್ನು ಬಿಗಿಯಾಗಿ ಮೂರು ಸುತ್ತು ಸುತ್ತಿ, ಹಲ್ಲಿನಿಂದ ಕಚ್ಚಿ ಹರಿದಳು. "ಇದ ಇನ್ ಯಾರೂ ಅಲ್ಲಾಡಿಸ್ಬೇಡಿ" ಎಂದಳು. "ಇದು ನನ್ ಮಗಳ್ ಅಳ್ತೆ."